ನಾಯಿಗೂ ಸಂಬಂಧ ನೋಡಬೇಕು

ಹೆಣ್ಣು ಬೆಳೆದ ಮನೆಗೆ ಸಂಬಂಧ ಬರೋದು ಸಹಜ. ಹಿರಿಯೂರಿನ ನಮ್ಮ ಮನೆಗೆ ಬಂದ ಸಂಬಂಧ ಮಾತ್ರ ನಮ್ಮ ಲ್ಯಾಬ್ರಡಾರ್ ನಾಯಿ ರಾಣಿಗೆ! ಅವಳನ್ನು ಕೊಟ್ಟಿದ್ದ ಚಿತ್ರದುರ್ಗದವರು, "ಅಕ್ಕಾ, ಅವಳ ಅಪ್ಪನ ಜೊತೆಗೇ ಬಿಡೋಣ. ಶುದ್ಧ ಜಾತಿ ಉಳಿಯುತ್ತೆ, ಮರಿಗೆ ಒಳ್ಳೆ ಬೆಲೆ ಸಿಗುತ್ತೆ" ಅಂದರು. ನಮ್ಮ ಯಜಮಾನರೂ ತಲೆಯಾಡಿಸಿದರು.

ನಾನು ಮಾತ್ರ ಒಪ್ಪಲಿಲ್ಲ. ಅದೇ ತಂದೆತಾಯಿಗೆ ಹಿಂದಿನ ಸೂಲಿನಲ್ಲಿ ಹುಟ್ಟಿದ ರಾಣಿಯ ಅಣ್ಣ ಹೊಳಲ್ಕೆರೆಯಲ್ಲಿ ನಾದಿನಿಯ ಮನೆಯಲ್ಲಿದೆ. ಮೊದಮೊದಲು ಸಂಜೆಯಾದರೆ ಹೊಸ್ತಿಲು ಎಡವುತ್ತಿತ್ತು; ಈಗ ಹಗಲಲ್ಲೂ ಕಣ್ಣು ಕಾಣಿಸದು. ಕಣ್ಣಿನ ಒಳಪದರ ಸವೆಯುವ ಈ ರೋಗ ವಂಶದಿಂದ ಬಂದದ್ದು, ಇದಕ್ಕೆ ಮದ್ದಿಲ್ಲ ಎಂದರು ಪಶುವೈದ್ಯರು.

ಅವರು ಬಿಡಿಸಿ ಹೇಳಿದ್ದು ಹೀಗೆ: ಜೀನ್‌ಗಳು ಜೋಡಿಯಾಗಿರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಈ ರೋಗದಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಎರಡೂ ಕೆಟ್ಟವೇ ಬಂದರೆ ಕುರುಡು. ದೋಷ ಅಡಗಿರುವ ಎರಡು ನಾಯಿ ಕೂಡಿದರೆ ಪ್ರತಿ ಮರಿಗೂ ನಾಲ್ಕರಲ್ಲೊಂದು ಪಾಲು ಆ ಅಪಾಯ. ಒಂದೇ ವಂಶದೊಳಗೆ ಕೂಡಿಸುವ ಲೈನ್ ಬ್ರೀಡಿಂಗ್‌ನಿಂದ ಬಣ್ಣ, ಮೈಕಟ್ಟು ಒಂದೇ ಸಮ ಬರುತ್ತದೆ, ನಿಜ. ಅಡಗಿದ ದೋಷವೂ ಜೋಡಿಯಾಗುತ್ತದೆ. ಅಪ್ಪ-ಮಗಳಂತೂ ತೀರಾ ಹತ್ತಿರ.

"ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡಲ್ವೇ?" ಎಂದರು ಅತ್ತೆಯವರು. ವೈದ್ಯರು ನಕ್ಕು, "ಲೆಕ್ಕ ಮನುಷ್ಯರಿಗೂ ಅದೇ ಅಮ್ಮಾ" ಎಂದರು.

ಹೊರಗಿನ ರಕ್ತ ಸೇರಿದರೆ ಜಾತಿ ಕೆಡುತ್ತದೆಯೇ? ಚುಕ್ಕೆ ನಾಯಿ ಡಾಲ್ಮೇಷಿಯನ್ ಜಾತಿಗೆಲ್ಲ ಮೂತ್ರದಲ್ಲಿ ಕಲ್ಲು ಕಟ್ಟುವ ದೋಷವಿತ್ತು. 1973ರಲ್ಲಿ ಅಮೆರಿಕದಲ್ಲಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿ, ಮುಂದೆ ತಲೆಮಾರುಗಳ ಕಾಲ ಡಾಲ್ಮೇಷಿಯನ್‌ಗೇ ಕೂಡಿಸಿದರು. ಚುಕ್ಕೆ ಉಳಿಯಿತು, ದೋಷವಿಲ್ಲದ ಮರಿಗಳು ಬಂದವು. 2011ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬೂ ಅವನ್ನು ಒಪ್ಪಿತು.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ. ಅದೇ ಜಾತಿಯ ಬೇರೆ ವಂಶ ಸಾಕಾಗಿತ್ತು. ಆದರೆ ಬೇರೆ ವಂಶದಲ್ಲೂ ದೋಷ ಅಡಗಿರಬಹುದಲ್ಲ? ಅದಕ್ಕೇ ಡಿಎನ್‌ಎ ಪರೀಕ್ಷೆ. ಕೆನ್ನೆಯ ಒಳಗೆ ಒರೆಸಿದ ಹತ್ತಿಯೇ ಸಾಕು. ರಾಣಿಯಲ್ಲಿ ದೋಷ ಒಂದು ಪಾಲು ಇತ್ತು. ಹೊಸದುರ್ಗದ ಗಂಡಿನಲ್ಲಿ ಇರಲಿಲ್ಲ. ಹಾಗಾಗಿ ಆರು ಮರಿಗಳಲ್ಲಿ ಯಾವುದಕ್ಕೂ ಈ ಕುರುಡು ಬರದು. ಆದರೆ ಕೆಲವದರಲ್ಲಿ ದೋಷ ಅಡಗಿರಬಹುದೆಂದು ಒಯ್ದವರಿಗೆಲ್ಲ ಹೇಳಿಯೇ ಕೊಟ್ಟೆ.

ನೀವೂ ಮರಿ ತರುವಾಗ ಬಣ್ಣ, ಬೆಲೆ ಕೇಳುವ ಮೊದಲು ಅದರ ಒಡಹುಟ್ಟಿದವು ಹೇಗಿವೆ ಅಂತ ಕೇಳಿ.