ಕಳೆಯುವ ಲೆಕ್ಕ

ಬಿ.ಎ., ಬಿ.ಎಡ್. ಓದಿದ ನಿಮಗೂ ಎಂಜಿನ್ನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಏನೂ ಇಲ್ಲವೆಂದೇ ಹೇಳಬೇಕು. ಮಿಕ್ಸಿ ಕೆಟ್ಟರೆ ಅದನ್ನು ಬಿಚ್ಚಲು ಹೆದರುವವಳು ನಾನು. ಆದರೂ ಮೂವತ್ತು ವರ್ಷ ಪಾಠ ಹೇಳಿದ ನನಗೆ ಮಲ್ಪೆಯ ಕಡಲಲ್ಲಿ ಒಂದು ಬೋಟಿನ ಎಂಜಿನ್ ಪಾಠ ಕಲಿಸಿತು.

ಪ್ರವಾಸಿಗರನ್ನು ಕಡಲಲ್ಲಿ ಸುತ್ತಾಡಿಸಲೆಂದು ನನ್ನ ತಮ್ಮ ಹಳೆಯ ಸ್ಪೀಡ್ ಬೋಟೊಂದನ್ನು ಕೊಂಡಿದ್ದ. ಡೀಸೆಲ್ ಎಂಜಿನ್, ಕಾರಿಗಿರುವಂತೆ ಪವರ್ ಸ್ಟೀರಿಂಗ್. ಅವನ ಕೈಕೆಳಗೆ ಕೆಲಸಕ್ಕಿದ್ದ ಹುಡುಗ ಐದನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದವ.

ಮಳೆಗಾಲವಿಡೀ ಬೋಟು ದಡದಲ್ಲಿ ಮಲಗಿತ್ತು. ಮಳೆ ಮುಗಿದ ಮೇಲೆ ಮೊದಲ ಸುತ್ತಿಗೆ ನಾವು ಮನೆಮಂದಿಯೇ ಸೇಂಟ್ ಮೇರೀಸ್ ದ್ವೀಪದ ಕಡೆ ಹೊರಟೆವು. ದ್ವೀಪ ಇನ್ನೇನು ಹತ್ತಿರ ಬಂತು ಎನ್ನುವಾಗ ಸ್ಟೀರಿಂಗ್ ನರಳತೊಡಗಿತು, ತಿರುಗಿಸಲು ಬಿಗಿಯಾಯಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಮೇಲೇರಿತು. ತಮ್ಮ ಎಂಜಿನ್ ನಿಲ್ಲಿಸಿ ಪೆಟ್ಟಿಗೆಯ ಮುಚ್ಚಳ ಎತ್ತಿದ. ಒಲೆಯ ಬಾಯಿ ತೆರೆದಂತೆ ಝಳ ಮುಖಕ್ಕೆ ಹೊಡೆಯಿತು.

"ಸ್ಟೀರಿಂಗ್ ಎಣ್ಣೆ ನೋಡಿದ್ದೀಯೇನೋ?" ಎಂದು ತಮ್ಮ ಗದರಿದ.

"ಬೆಳಿಗ್ಗೆಯೇ ನೋಡಿದ್ದೇನೆ ಅಣ್ಣ, ಗೆರೆಯವರೆಗೆ ಸರಿ ಉಂಟು."

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಇವನು ಶಾಲೆಯಲ್ಲೂ ಹೀಗೆಯೇ. ಯಾವುದನ್ನು ಪೂರ್ತಿ ಮಾಡಿದ್ದಾನೆ?" ಎಂದುಬಿಟ್ಟೆ. ತಮ್ಮನ ಹೆಂಡತಿ, ಮಕ್ಕಳು, ಬಂದ ನೆಂಟರು ಎಲ್ಲರೂ ನಕ್ಕರು. ಹುಡುಗ ತಲೆ ತಗ್ಗಿಸಿದ. "ಈಗ ಯಾವುದನ್ನೂ ಮುಟ್ಟಬೇಡಿ ಅಣ್ಣ. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಏರುತ್ತದೆ" ಎಂದಷ್ಟೇ ಹೇಳಿದ. ಕೊನೆಗೆ ಮೀನುಗಾರರ ಬೋಟೊಂದು ಹಗ್ಗ ಕಟ್ಟಿ ನಮ್ಮನ್ನು ಬಂದರಿಗೆ ಎಳೆದು ತಂದಿತು.

ನಿಲ್ಲಿಸಿದ ಮೇಲೆ ಬಿಸಿ ಏರುವುದು ಹೇಗೆ? ರಾತ್ರಿ ನಿದ್ದೆ ಬಾರದೆ ಅದನ್ನೇ ಯೋಚಿಸಿದೆ. ಹುಡುಗನ ಮುಖವೂ ಕಣ್ಣೆದುರಿತ್ತು. ಮರುದಿನ ಕುತೂಹಲದ ನೆವ ಮಾಡಿಕೊಂಡು ಬಂದರಿಗೆ ಹೋದೆ.

ಹುಡುಗ ಬೇಸರಿಸದೆ ವಿವರಿಸಿದ. ಕಾರು ಓಡುವಾಗ ಎದುರುಗಾಳಿ ಎಂಜಿನ್ನಿಗೆ ತಾಗುತ್ತದೆ. ಬೋಟಿನ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದು ಮುಚ್ಚಿದ ಪೆಟ್ಟಿಗೆಯಲ್ಲಿ ಕೂತು ಬೇಯಬೇಕು. ಒತ್ತಡದಲ್ಲಿ ಓಡುವ ಸ್ಟೀರಿಂಗ್ ಎಣ್ಣೆಯೂ ಕಾಯುತ್ತದೆ. ಅತಿಯಾಗಿ ಕಾದರೆ ತೆಳುವಾಗುತ್ತದೆ, ಪಂಪಿಗೆ ಬಲ ಸಾಲುವುದಿಲ್ಲ. ಅದಕ್ಕೇ ಕಡಲ ನೀರನ್ನು ಒಳಗೆಳೆದುಕೊಳ್ಳುವುದು. ಆ ನೀರು ದಾರಿಯಲ್ಲಿ ಕೂಲರ್ ಎಂಬ ಪುಟ್ಟ ಲೋಹದ ಉರುಳೆಯ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಕೊಳವೆಯೊಳಗೆ ನೀರು, ಹೊರಗೆ ಎಣ್ಣೆ. ಎಣ್ಣೆಯ ಬಿಸಿಯನ್ನು ಹೊತ್ತ ನೀರು ಮುಂದೆ ಎಂಜಿನ್ನಿನ ಬಿಸಿಯನ್ನೂ ಹೊತ್ತು ಹೊಗೆಯೊಂದಿಗೆ ಹೊರಬೀಳುತ್ತದೆ. ಎಂಜಿನ್ ನಿಂತರೆ ನೀರೂ ನಿಲ್ಲುತ್ತದೆ. ಕಾದ ಕಬ್ಬಿಣದ ಬಿಸಿ ಹೋಗಲು ದಾರಿಯಿಲ್ಲದೆ ಅಲ್ಲೇ ಹರಡುತ್ತದೆ.

ಅಷ್ಟರಲ್ಲಿ ಮೆಕ್ಯಾನಿಕ್ ನೀರಿನ ಪಂಪು ಬಿಚ್ಚಿದ್ದ. ನೀರೆಳೆಯುವ ರಬ್ಬರಿನ ಚಕ್ರ, ಇಂಪೆಲ್ಲರ್ ಎನ್ನುತ್ತಾರೆ, ಹರಿದಿತ್ತು. ನಾಲ್ಕು ತಿಂಗಳು ಒಣಗಿ, ಬಾಗಿದಂತೆಯೇ ಇದ್ದು ಗಡುಸಾದ ರಬ್ಬರು ತಿರುಗಿದೊಡನೆ ತುಂಡಾಗಿತ್ತು. ಹೊಸದನ್ನು ಹಾಕಿ ಅವನು "ಆಯ್ತು" ಎಂದ.

ಹುಡುಗ ಮಾತ್ರ ಹಳೆಯ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಇದಕ್ಕೆ ಹತ್ತು ರೆಕ್ಕೆ. ಏಳು ಉಂಟು. ಉಳಿದ ಮೂರು ಎಲ್ಲಿ?"

ನಾನು ಬೆಚ್ಚಿದೆ. ಹತ್ತರಲ್ಲಿ ಏಳು ಕಳೆದರೆ ಮೂರು. ಅವನಿಗೆ ಬರುವುದಿಲ್ಲವೆಂದು ನಾನು ಎಂದೋ ತೀರ್ಮಾನಿಸಿದ್ದ ಲೆಕ್ಕ.

ಯಾರ ಒಪ್ಪಿಗೆಗೂ ಕಾಯದೆ ಅವನು ಸ್ಟೀರಿಂಗ್ ಎಣ್ಣೆಯ ಕೂಲರಿನ ನೀರಿನ ಟ್ಯೂಬು ಬಿಚ್ಚಿದ. ಸಣ್ಣ ಕೊಳವೆಗಳ ಬಾಯಿಗೆ ಎರಡು ರಬ್ಬರ್ ತುಂಡುಗಳು ಅಡ್ಡ ಕೂತಿದ್ದವು, ಜೊತೆಗೆ ಒಂದು ಚೂರು ಪ್ಲಾಸ್ಟಿಕ್ ತೊಟ್ಟೆ. ನೀರಿನೊಂದಿಗೆ ಬಂದ ಕಸಕ್ಕೆ ಮೊದಲು ಸಿಕ್ಕುವ ಇಕ್ಕಟ್ಟು ಅದೇ ಆಗಿತ್ತು.

"ಸಾಕು ಬಿಡೋ" ಎಂದ ಮೆಕ್ಯಾನಿಕ್.

"ಇನ್ನೊಂದು ಉಂಟು" ಎಂದು ಹುಡುಗ ಬಗ್ಗಿ ಕೂತವನು ಏಳಲಿಲ್ಲ. ಮುಕ್ಕಾಲು ಗಂಟೆಯ ಬಳಿಕ ಟ್ಯೂಬಿನ ತಿರುವಿನಲ್ಲಿ ಮೂರನೆಯ ತುಂಡು ಸಿಕ್ಕಿತು. ಮೂರನ್ನೂ ಮುರಿದ ಜಾಗಗಳಿಗೆ ಜೋಡಿಸಿ ನೋಡಿದ ಮೇಲೆಯೇ ಅವನು ಕೈ ಒರೆಸಿಕೊಂಡದ್ದು.

"ನಿನ್ನೆ ಹಾಗನ್ನಬಾರದಿತ್ತು ಮಗಾ" ಎಂದೆ, ಮೆಲ್ಲಗೆ. ಅವನು ನಕ್ಕ. ಆದರೆ ನನಗೆ ಸಮಾಧಾನವಾಗಲಿಲ್ಲ. ಹತ್ತು ಜನರೆದುರು ಆಡಿದ ಮಾತನ್ನು ಒಬ್ಬನ ಕಿವಿಯಲ್ಲಿ ಹಿಂದಕ್ಕೆ ಪಡೆದರೆ ಲೆಕ್ಕ ಸರಿಹೋಗುತ್ತದೆಯೇ?

ಮುಂದಿನ ಭಾನುವಾರ ಅದೇ ಬೋಟು, ಅದೇ ಜನ. ಬಂದರು ಬಿಡುವ ಮೊದಲೇ ಎದ್ದು ನಿಂತು ಹೇಳಿದೆ: "ಅವತ್ತು ಎಣ್ಣೆ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಮಾತು."

ಯಾರೂ ನಗಲಿಲ್ಲ. ತಮ್ಮ ಸುಮ್ಮನೆ ಕಡಲನ್ನು ನೋಡಿದ. ದ್ವೀಪದ ಬಳಿ ಬೋಟು ನಿಂತಾಗ ಹುಡುಗ ಮುಚ್ಚಳವೆತ್ತಿ ನನ್ನನ್ನು ಕರೆದ.

"ಕೂಲರ್ ಮುಟ್ಟಿ ನೋಡಿ ಟೀಚರ್."

ಹೆದರುತ್ತಲೇ ಬೆರಳಿಟ್ಟೆ. ಬೆಚ್ಚಗಿತ್ತು. ಸುಡುತ್ತಿರಲಿಲ್ಲ.