ಗಾಜಿನಲ್ಲಿ ಮೂಡುವ ಮುಖ

ಅಗಲಿದವರ ಭಾವಚಿತ್ರವನ್ನು ಗಾಜಿನಲ್ಲಿ ಮೂಡಿಸಿದ ಸ್ಮರಣಫಲಕಗಳನ್ನು ನೀವು ಕಂಡಿರಬಹುದು. ಅಲ್ಲಿ ಬಣ್ಣವಿಲ್ಲ, ಶಾಯಿಯಿಲ್ಲ. ಗಾಜು ತನ್ನ ಹೊಳಪನ್ನು ಕಳೆದುಕೊಂಡೆಡೆಯಲ್ಲೇ ಚಿತ್ರ ಮೂಡಿರುತ್ತದೆ.

ಮರಳನ್ನು ರಭಸದಿಂದ ಚಿಮ್ಮಿಸಿ ಗಾಜನ್ನು ಕೊರೆಯುವ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದರು. ಛಾಯಾಚಿತ್ರವನ್ನು ಹೀಗೆ ಮೂಡಿಸಲು ಮೊದಲು ಅದನ್ನು ಸಣ್ಣ ಕಪ್ಪು ಚುಕ್ಕೆಗಳಾಗಿ ಒಡೆದು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸುತ್ತಾರೆ. ಆ ಹಾಳೆಯನ್ನು ಬೆಳಕಿಗೆ ಸ್ಪಂದಿಸುವ ತೆಳುಪೊರೆಯ ಮೇಲಿರಿಸಿ ಅತಿನೇರಳೆ ಕಿರಣಗಳನ್ನು ಹಾಯಿಸುತ್ತಾರೆ. ಬೆಳಕು ತಾಗಿದ ಭಾಗ ನೀರಿಗೆ ಕರಗದಂತಾಗುತ್ತದೆ. ಚುಕ್ಕೆಗಳ ನೆರಳಿನಲ್ಲಿದ್ದುದು ತೊಳೆದುಹೋಗುತ್ತದೆ. ಒಣಗಿದ ಪೊರೆಯನ್ನು ಗಾಜಿಗೆ ಅಂಟಿಸಿ ಕಣಗಳನ್ನು ಚಿಮ್ಮಿಸಿದಾಗ, ಪೊರೆಯಿಲ್ಲದ ಚುಕ್ಕೆಗಳಲ್ಲಿ ಮಾತ್ರ ಗಾಜು ಮಸುಕಾಗುತ್ತದೆ. ಸೋಜಿಗವೆಂದರೆ, ಕಠಿಣವಾದ ಗಾಜು ಸವೆಯುತ್ತದೆ. ಬಾಗಬಲ್ಲ ಪೊರೆ ಹೊಡೆತವನ್ನು ತಾಳಿಕೊಂಡು ಉಳಿಯುತ್ತದೆ.

ಆದರೆ ಸವೆಯುವುದು ಗಾಜು ಮಾತ್ರವಲ್ಲ. ಮರಳಿನಿಂದೇಳುವ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ತರುತ್ತದೆ. ಆ ಹಾನಿಯನ್ನು ಗುಣಪಡಿಸಲಾಗದು. ಬ್ರಿಟನ್ 1949ರ ನಿಯಮಗಳ ಮೂಲಕ ಈ ಬಗೆಯ ಕೆಲಸಕ್ಕೆ ಸಿಲಿಕಾ ಮರಳನ್ನು ಬಳಸುವುದನ್ನು ನಿಷೇಧಿಸಿತು. ಅದರ ಬದಲು ಅಲ್ಯೂಮಿನಿಯಂ ಆಕ್ಸೈಡ್ ಕಣಗಳಿವೆ. ಕೈಗವಸು ತೊಟ್ಟು ಹೊರಗಿನಿಂದಲೇ ಕೆಲಸ ಮಾಡಬಲ್ಲ ಮುಚ್ಚಿದ ಪೆಟ್ಟಿಗೆಗಳಿವೆ. ಧೂಳು ಹೀರುವ ಯಂತ್ರಗಳಿವೆ. ಇವುಗಳಿಗೆ ತುಸು ಹೆಚ್ಚು ವೆಚ್ಚವಾದೀತು, ಅಷ್ಟೇ.

ಆದುದರಿಂದ ನಿಮ್ಮ ಪ್ರೀತಿಪಾತ್ರರ ಫಲಕವನ್ನು ಮಾಡಿಸುವಾಗ ಬೆಲೆಯನ್ನು ಮಾತ್ರ ವಿಚಾರಿಸಬೇಡಿರಿ. ಯಾವ ಕಣ ಬಳಸುತ್ತಾರೆ, ಧೂಳು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿರಿ. ಒಬ್ಬರ ನೆನಪನ್ನು ಉಳಿಸಲು ಇನ್ನೊಬ್ಬರ ಉಸಿರು ಸವೆಯಬಾರದು.