ಅಮ್ಮನ ಮೂರು ಮನೆ ಶ್ರುತಿ

ಗಿಟಾರ್ ನನಗೆ ಯಾರೂ ಕಲಿಸಿದ್ದಲ್ಲ. ಮುಂಬೈಗೆ ಬಂದ ಹೊಸದರಲ್ಲಿ ಭಾನುವಾರಗಳೇ ಕಳೀತಿರಲಿಲ್ಲ. ಆಗ ದಾದರ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಂಡೆ. ಜೊತೆಗೆ ಸಿಕ್ಕ ಪುಸ್ತಕದಲ್ಲಿ ಚುಕ್ಕಿ ಇದ್ದ ಕಡೆ ಬೆರಳಿಟ್ಟರೆ ಕಾರ್ಡ್ ಬರೋದು, ಅಷ್ಟೇ ನನ್ನ ವಿದ್ಯೆ! ಜಿ, ಸಿ, ಡಿ ಅನ್ನೋ ಮೂರು ಕಾರ್ಡ್‌ಗಳಲ್ಲೇ ಇಪ್ಪತ್ತು ವರ್ಷ ಸಂಸಾರ ಮಾಡಿದೆ. ಥಿಯರಿ ಎಲ್ಲ ಪರೀಕ್ಷೆ ಕಟ್ಟೋರಿಗೆ ಅಂತ ಅಂದ್ಕೊಂಡಿದ್ದೆ.

ಮೊನ್ನೆ ಅಮ್ಮ ಮೈಸೂರಿನಿಂದ ಬಂದಿದ್ದಾಗ ನನ್ನ ಮಗಳಿಗೆ ‘ಶ್ಯಾಮಲೇ ಮೀನಾಕ್ಷಿ’ ಹೇಳಿಕೊಡ್ತಾ ಇದ್ದಳು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಮಾಡಿದ ನೊಟ್ಟುಸ್ವರಗಳಲ್ಲಿ ಇದೂ ಒಂದು. ಮಕ್ಕಳು ಹಾಡೋ ‘ಟ್ವಿಂಕಲ್ ಟ್ವಿಂಕಲ್’ ಧಾಟಿಯೇ! ನನಗೂ ಉತ್ಸಾಹ ಬಂತು. ಗಿಟಾರ್ ತಂದು ‘ಜಿ’ ಹಿಡಿದೆ.

ಅಮ್ಮ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. ಮೊದಲು ಅವಳದ್ದು ಐದು ಮನೆ ಶ್ರುತಿ, ಅಂದ್ರೆ ‘ಜಿ’. ಎಪ್ಪತ್ತನಾಲ್ಕರ ಗಂಟಲು ಈಗ ಮೂರು ಮನೆಗೆ, ‘ಇ’ಗೆ ಇಳಿದಿದೆ. ಕೇಪೋ ಹಾಕೋಣ ಅಂದ್ರೆ ಅದು ಶ್ರುತಿ ಏರಿಸುತ್ತೆ, ಇಳಿಸಲ್ಲ. “ನಿನ್ನ ಶ್ರುತಿಗೆ ನನ್ನ ಗಂಟಲು ಏರಲ್ಲ ಕಣೋ, ನೀನೇ ನುಡಿಸ್ಕೋ” ಅಂತ ಅಡುಗೆಮನೆಗೆ ಹೋದಳು. ಅವಳಿಗೆ ಬೇಜಾರಾಯ್ತೋ ಇಲ್ವೋ, ನನಗಂತೂ ಊಟ ಸೇರಲಿಲ್ಲ.

ಆ ರಾತ್ರಿ ಒಂದೇ ತಂತಿ ಹಿಡಿದು ಕೂತೆ. ಏನೂ ಒತ್ತದೆ ಮೀಟಿದರೆ ಅದೇ ‘ಸ’. ಮುಂದೆ ‘ರಿ’ ಹುಡುಕಿದರೆ ಬೆರಳು ಒಂದನೇ ಫ್ರೆಟ್‌ಗೇ ಹೋಯ್ತು! ಅಕ್ಕನ ಸರಳೆ ವರಸೆ ಕೇಳಿ ಬೆಳೆದ ಕಿವಿ ನೋಡಿ, ಅದು ಮಾಯಾಮಾಳವಗೌಳದ ‘ರಿ’. ತಿದ್ದಿಕೊಂಡು ‘ಟ್ವಿಂಕಲ್’ ಧಾಟಿಗೆ ಹೊಂದೋ ಸ್ವರಗಳನ್ನು ಹುಡುಕಿ ಬರೆದುಕೊಂಡೆ: 2, 4, 5, 7, 9, 11, 12. ಅಂದ್ರೆ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಮೇಜರ್ ಸ್ಕೇಲ್ ಅಂದ್ರೆ ಇಷ್ಟೇ! ನಮ್ಮ 29ನೇ ಮೇಳ ಶಂಕರಾಭರಣದ ಸ್ವರಗಳು, ಹಿಂದೂಸ್ತಾನಿಯವರ ಬಿಲಾವಲ್ ಥಾಟ್.

ಎಲ್ಲಿಂದ ಹೊರಟರೂ ಈ ಲೆಕ್ಕ ಬದಲಾಗಲ್ಲ. ‘ಸಿ’ಯಿಂದ ಹೊರಟರೆ ಶಾರ್ಪ್ ಬೇಕಾಗಿಲ್ಲ. ‘ಜಿ’ಯಿಂದ ಹೊರಟರೆ ಏಳನೆಯದು ಎಫ್ ಶಾರ್ಪ್. ಯಾಕೆ ಅಂದ್ರೆ, ‘ಇ’ಯಿಂದ ‘ಎಫ್’ಗೆ ಒಂದೇ ಫ್ರೆಟ್, ಲೆಕ್ಕಕ್ಕೆ ಎರಡು ಬೇಕು. ಬರೀ ‘ಎಫ್’ ಒತ್ತಿದರೆ ಶಂಕರಾಭರಣದ ಸ್ವರ ಹೋಗಿ ಹರಿಕಾಂಭೋಜಿಯದ್ದು ಬರುತ್ತೆ.

ಉಳಿದಿದ್ದನ್ನು ಮಗಳ ಕೀಬೋರ್ಡ್ ಪುಸ್ತಕ ಹೇಳಿತು. ಈ ಸ್ಕೇಲಿನ ಒಂದು, ನಾಲ್ಕು, ಐದನೇ ಸ್ವರಗಳ ಮೇಲೆ ಕಟ್ಟಿದ ಕಾರ್ಡ್‌ಗಳು ಮೇಜರ್. ಎರಡು, ಮೂರು, ಆರರ ಮೇಲಿನವು ಮೈನರ್. ಅಂದ್ರೆ ನನ್ನ ಜಿ, ಸಿ, ಡಿ ಬೇರೇನೂ ಅಲ್ಲ, ಸ, ಮ, ಪ! ಇಪ್ಪತ್ತು ವರ್ಷ ಇವರ ಹೆಸರು ಗೊತ್ತಿತ್ತು, ಒಬ್ಬರಿಗೊಬ್ಬರು ಏನಾಗಬೇಕು ಅಂತ ಗೊತ್ತಿರಲಿಲ್ಲ. ‘ಸ’ವನ್ನು ‘ಇ’ಗೆ ಇಳಿಸಿದರೆ ‘ಮ’ ಎ, ‘ಪ’ ಬಿ. ಮುಗೀತು.

ಬೆಳಿಗ್ಗೆ ಕಾಫಿ ಆದ ಮೇಲೆ ಸುಮ್ನೆ ‘ಇ’ ಹಿಡಿದು ಮೀಟುತ್ತಾ ಕೂತೆ. ಅಮ್ಮ ಸೊಪ್ಪು ಬಿಡಿಸ್ತಾ ಇದ್ದವಳು ಸಣ್ಣಗೆ ಶುರು ಮಾಡಿದಳು. ಈ ಸಲ ಪೂರ್ತಿ ಹಾಡಿದಳು. ಆಮೇಲೆ, “ಇದಕ್ಕೆ ಗಮಕ ಇಲ್ಲ, ಅದಕ್ಕೇ ನಿನ್ನ ಕೈಗೆ ಸಿಕ್ತು. ಶಂಕರಾಭರಣ ಅಂದ್ರೆ ಇಷ್ಟೇ ಅಂದ್ಕೋಬೇಡ” ಅಂದಳು. ನಿಜ, ಸ್ಕೇಲ್ ಸಿಕ್ಕಿದ್ದಕ್ಕೆ ರಾಗ ಸಿಗಲ್ಲ.

‘ಬಿ’ ಕಾರ್ಡ್ ಒತ್ತಿ ಒತ್ತಿ ತೋರುಬೆರಳು ಇನ್ನೂ ನೋಯ್ತಿದೆ. ಅಮ್ಮ ಊರಿಗೆ ಹೋದಳು. ಮುಂದಿನ ಸಲ ಬರೋ ಹೊತ್ತಿಗೆ ಅವಳ ಶ್ರುತಿ ಎರಡು ಮನೆಗೆ ಇಳಿದಿದ್ದರೂ ಪರವಾಗಿಲ್ಲ. ಡಿ, ಜಿ, ಎ… ಈಗಿಂದಲೇ ರೂಢಿ ಮಾಡ್ಕೋತಾ ಇದ್ದೀನಿ.